ಕೆರೆಯಾಚೆಯ ಹೆಗಲು

ಕಳೆದ ಸಲ ವಾದ್ಯಗಳು ನಿಂತ ಮೇಲೆ ಬಾಣಬಿರುಸು ಸಿಡಿದು, ಕೆರೆಯಾಚೆಯ ಜನ ಗೊಳ್ಳೆಂದು ನಕ್ಕಿದ್ದರು. ಇಂದೂ ತಪ್ಪಿದರೆ, ಈಚೆ ದಡದಿಂದ ಬಾಣ ಹಾರಿಸುವ ಅಕ್ಕನ ಕೆಲಸ ಹೋದಂತೆಯೇ.

ಸಂಗೀತ ಕೆರೆ ದಾಟಿ ಬರುವಷ್ಟರಲ್ಲಿ ತಡವಾಗುತ್ತದೆ. ಬಾಣ ಮೇಲೇರಲೂ ಹೊತ್ತು ಬೇಕು. ಅದಕ್ಕೇ ಅವಳು ಕಿವಿಯನ್ನು ನಂಬದೆ, ಆಚೆ ದಡದ ವಾದ್ಯವೃಂದದ ನಿರ್ದೇಶಕನನ್ನು ದುರ್ಬೀನಿನಲ್ಲಿ ದಿಟ್ಟಿಸುತ್ತಿದ್ದಳು. ನಗಾರಿಯ ಕೊನೆಯ ಪೆಟ್ಟಿಗಿಂತ ಮುಂಚೆ ಆತ ಹೆಗಲೆತ್ತಿ ಉಸಿರೆಳೆಯುವುದನ್ನು ತಾಲೀಮಿನಲ್ಲಿ ಕಂಡಿದ್ದಳು.

"ಗುಂಡಿ ಒತ್ತೇ ಅಕ್ಕ, ನಿದ್ದೆ ಬಂತಾ?" ಎಂದ ಪಕ್ಕದಲ್ಲಿದ್ದ ತಮ್ಮ.

"ತಡಿಯೋ, ಜೀವ ಬಾಯಿಗೆ ಬಂದಿದೆ."

ಹೆಗಲು ಮೇಲೆದ್ದಿತು. ಅವಳು ಗುಂಡಿ ಒತ್ತಿದಳು. ಆಕಾಶದ ತುಂಬ ಬಂಗಾರ ಅರಳಿತು. ನಗಾರಿಯ ಪೆಟ್ಟು ಆಮೇಲೆ ಕೇಳಿಸಿತು.

"ಹೋಯ್ತು! ಮತ್ತೆ ತಪ್ಪಿತಲ್ಲೇ!" ತಮ್ಮ ತಲೆಯ ಮೇಲೆ ಕೈಹೊತ್ತ.

"ಇಲ್ಲಿ ತಪ್ಪಿದ್ರೇನೇ ಅಲ್ಲಿ ಸರಿ ಕಣೋ, ನೋಡು," ಎಂದು ಅವಳು ದುರ್ಬೀನು ಕೊಟ್ಟಳು. ಆಚೆ ದಡದಲ್ಲಿ ಜನರೆಲ್ಲ ಎದ್ದುನಿಂತು, ಮೇಲೆ ನೋಡುತ್ತ ಚಪ್ಪಾಳೆ ತಟ್ಟುತ್ತಿದ್ದರು.