ಆರುನೂರ ನಲವತ್ತು ಕೊಕ್ಕರೆಗಳು

"ಎಪ್ಪತ್ತೊಂಬತ್ತು," ಎಂದಳು ಸೊಸೆ.

"ಏರ್ತಾ ಇದೆಯೋ, ನಿಂತಿದೆಯೋ?"

"ನಿಂತಿದೆ ಅತ್ತೆ."

"ಅಷ್ಟು ಬೇಗ ಹೇಳ್ಬೇಡ. ಇನ್ನೊಂದು ನಿಮಿಷ ನೋಡು."

ಅತ್ತೆ ಸಿಸ್ಟರಮ್ಮ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳಿನ ಮೇಲೆ ಕಣ್ಣಿಟ್ಟು ಒಂದು ಪೂರ್ತಿ ಸುತ್ತು ಕಾದಳು. ಅಂಕಿ ಅಲುಗಲಿಲ್ಲ. ಆಗ ಮಾತ್ರ ಮಡಿಲಲ್ಲಿದ್ದ ಚಾರ್ಟಿನಲ್ಲಿ ಬರೆದುಕೊಂಡಳು. ಅದು ಆಸ್ಪತ್ರೆಯ ಹಾಸಿಗೆಯ ಕಾಲಿಗೆ ತೂಗುಹಾಕುವಂಥ ಚಾರ್ಟು. ಜ್ವರ, ನಾಡಿ, ಬಿ.ಪಿ. ಎಂದು ಮೂರು ಸಾಲು. ಜ್ವರದ ಕಡೆ ಪ್ರೊಸೆಸರಿನ ಬಿಸಿ, ನಾಡಿಯ ಕಡೆ ಅದರ ವೇಗ, ಬಿ.ಪಿ.ಯ ಕಡೆ ವೋಲ್ಟೇಜು. ರೋಗಿಯ ಹೆಸರಿನ ಜಾಗದಲ್ಲಿ 'ಕಂಪ್ಯೂಟರ್' ಎಂದೂ ವಯಸ್ಸಿನ ಜಾಗದಲ್ಲಿ 'ನಾಲ್ಕು' ಎಂದೂ ದುಂಡಗೆ ಬರೆದಿದ್ದಳು. ಸೊಸೆಗೆ ನಗು ಬಂದಿತ್ತು, ನಕ್ಕರೆ ಕೆಲಸ ಕೆಟ್ಟೀತೆಂದು ತಡೆದುಕೊಂಡಿದ್ದಳು.

ಮೂವತ್ತಾರು ವರ್ಷ ನರ್ಸಾಗಿ ವಾರ್ಡುಗಳನ್ನು ಆಳಿದ ಹೆಂಗಸು ನಿವೃತ್ತಳಾಗಿ ಮನೆಯಲ್ಲಿ ಕೂತು ಮೂರು ತಿಂಗಳಾಗಿತ್ತು. ಕೂತಳು ಎನ್ನುವುದು ಮಾತಿಗಷ್ಟೆ. ಅಡುಗೆಮನೆಯ ಡಬ್ಬಗಳನ್ನು ನಾಲ್ಕು ಸಲ ಜಾಗ ಬದಲಾಯಿಸಿದ್ದಳು, ಬಸ್ ಓಡಿಸುವ ಮಗನ ಕರ್ಚೀಫಿಗೂ ಇಸ್ತ್ರಿ ಹಾಕಿದ್ದಳು. ಸೊಸೆಯ ಜೊತೆ ಜಗಳವೂ ಇಲ್ಲ, ಸಲಿಗೆಯೂ ಇಲ್ಲ. ತಿಂಡಿ ಆಯ್ತಾ, ಆಯ್ತು, ಬಟ್ಟೆ ಒಣಗಿದೆಯಾ, ಒಣಗಿದೆ. ಹಗಲೆಲ್ಲ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಗೊಂಬೆ ಬರೆಯುವುದೂ ಒಂದು ಕೆಲಸವೇ ಎಂದು ಅತ್ತೆಗೆ ಒಳಗೊಳಗೆ ಇತ್ತು. ಆಡಿ ತೋರಿಸಿರಲಿಲ್ಲ, ಅದಕ್ಕೆ ಅವಳನ್ನು ಮೆಚ್ಚಲೇಬೇಕು.

ಈ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕಾಫಿ ಕೊಡಲು ಹೋದಾಗ ಸೊಸೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಏನೆಂದು ಕೇಳಿದ್ದೇ ತಡ, ಹುಡುಗಿ ಎಲ್ಲವನ್ನೂ ಹೊರಗೆ ಹಾಕಿದಳು. ಹದಿನಾಲ್ಕು ತಿಂಗಳಿಂದ ಒಬ್ಬಳೇ ಮಾಡಿದ ಏಳು ನಿಮಿಷದ ಆನಿಮೇಷನ್ ಚಿತ್ರ. ಮೂವತ್ತು ತುಂಬದವರಿಗಾಗಿ ಇರುವ ಒಂದು ದೊಡ್ಡ ಚಿತ್ರಸ್ಪರ್ಧೆಗೆ ಅದನ್ನು ಕಳಿಸಬೇಕು. ಬಾಗಿಲು ಮುಚ್ಚುವುದು ಭಾನುವಾರ ಸಂಜೆ ಆರಕ್ಕೆ. ಮುಂದಿನ ತಿಂಗಳು ಅವಳಿಗೆ ಮೂವತ್ತು. ಉಳಿದಿರುವುದು ಕೊನೆಯ ದೃಶ್ಯ ಮಾತ್ರ: ಕೆರೆಯಿಂದ ಒಂದು ಬಿಳಿ ಕೊಕ್ಕರೆ ಮೇಲೇಳುತ್ತದೆ. ನೀರಿನ ಅಲೆ, ಗರಿ, ಬೆಳಕು ಎಲ್ಲ ಲೆಕ್ಕ ಹಾಕಿ ಒಂದೊಂದು ಬಿಡಿಚಿತ್ರ ತಯಾರಿಸಲು ಕಂಪ್ಯೂಟರಿಗೆ ಆರು ನಿಮಿಷ ಬೇಕು. ಅಂಥವು ಇನ್ನೂ ಆರುನೂರ ನಲವತ್ತು ಇವೆ.

"ಎಷ್ಟು ಹೊತ್ತಿನ ದೃಶ್ಯ ಇದು?"

"ಅರ್ಧ ನಿಮಿಷಕ್ಕೂ ಕಮ್ಮಿ."

"ಅರ್ಧ ನಿಮಿಷಕ್ಕೆ ಅರವತ್ನಾಲ್ಕು ಗಂಟೆ," ಎಂದು ಸಿಸ್ಟರಮ್ಮ ತಕ್ಷಣ ಗುಣಿಸಿದಳು. "ನಿನಗಿರೋದು ಐವತ್ತೆಂಟು."

"ವೇಗ ಹೆಚ್ಚಿಸಬಹುದು ಅತ್ತೆ. ಪ್ರೊಸೆಸರ್‌ಗೆ ಕಂಪನಿಯವರು ಒಂದು ಮಿತಿ ಇಟ್ಟಿರ್ತಾರೆ, ಅದನ್ನ ದಾಟಿಸಬಹುದು. ಆದ್ರೆ ಬಿಸಿ ಏರತ್ತೆ, ತಪ್ಪು ಮಾಡಿದ್ರೆ ಎಲ್ಲಾ ಕೆಟ್ಟುಹೋಗತ್ತೆ. ನಂಗೆ ಧೈರ್ಯ ಬರ್ತಿಲ್ಲ."

"ಜ್ವರ ನೋಡೋಕೆ ಬರತ್ತಾ ಅದಕ್ಕೆ?"

"ಬರತ್ತೆ. ಇಲ್ಲೇ ತೋರಿಸತ್ತೆ."

"ಮತ್ತೆ ನೀನು ಯಾಕೆ ಹೆದರ್ತೀಯಾ? ಸರಿ ಕೂತ್ಕೋ," ಎಂದು ಕುರ್ಚಿ ಎಳೆದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಅವಳ ಕಣ್ಣಲ್ಲಿ ಮೂರು ತಿಂಗಳಿಂದ ಇಲ್ಲದ ಹೊಳಪು.

ನಿಯಮಗಳೆಲ್ಲ ಅವಳವೇ. ಮೊದಲು ಇಡೀ ಚಿತ್ರದ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಬೇಕು. ಯಂತ್ರ ಹುಟ್ಟಿದಾಗಿದ್ದ ಅಂಕಿಗಳನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಯ ಮೇಲೂ ಯಂತ್ರವನ್ನು ಹದಿನೈದು ನಿಮಿಷ ಚೆನ್ನಾಗಿ ದುಡಿಸಿ ನೋಡಬೇಕು. ಎಂಬತ್ತೈದು ಡಿಗ್ರಿ ಮುಟ್ಟಿದರೆ, ಏನೇ ಆಗಲಿ, ಇಳಿಸಬೇಕು.

ನಲವತ್ತನೇ ಮೆಟ್ಟಿಲಲ್ಲಿದ್ದ ವೇಗ ನಲವತ್ತೆರಡಾಯಿತು, ನಲವತ್ನಾಲ್ಕಾಯಿತು. ನಲವತ್ತಾರಕ್ಕೆ ಪರದೆ ನೀಲಿಯಾಗಿ ಯಂತ್ರ ಆರಿಹೋಯಿತು. "ಹೋಯ್ತು ಅತ್ತೆ," ಎಂದು ಸೊಸೆ ಎದ್ದು ನಿಂತಳು.

"ಸುಸ್ತಾಗಿ ಬಿದ್ದಿದೆ, ಸತ್ತಿಲ್ಲ," ಎಂದಳು ಸಿಸ್ಟರಮ್ಮ. "ಬಿ.ಪಿ. ಸಾಲದು. ಚೂರೇ ಚೂರು ಕೊಡು."

ಚೂರೇ ಚೂರು ಕೊಟ್ಟಳು. ಯಂತ್ರ ಎದ್ದು ಕೂತಿತು, ಹದಿನೈದು ನಿಮಿಷ ತಡೆದುಕೊಂಡಿತು. ಬಿಸಿ ಎಂಬತ್ತಮೂರು. ಪ್ರಯೋಗಕ್ಕೆ ಒಂದು ಚಿತ್ರ ತೆಗೆದು ನೋಡಿದರೆ ಐದು ನಿಮಿಷ ಹದಿಮೂರು ಸೆಕೆಂಡು. ಇಬ್ಬರೂ ಗೆದ್ದವರ ಹಾಗೆ ಮುಖ ಮುಖ ನೋಡಿಕೊಂಡರು. ಸಿಸ್ಟರಮ್ಮನಿಗೆ ಖುಷಿ ಹೊಟ್ಟೆಯಲ್ಲಿ ಹಿಡಿಸಲಿಲ್ಲ. ಕೆಲಸಕ್ಕೆ ಹೊರಟಿದ್ದ ಮಗನಿಗೆ ಹಜಾರದಲ್ಲೇ ಅಡ್ಡ ನಿಂತು ಅಂಕಿಗಳನ್ನೆಲ್ಲ ಒಪ್ಪಿಸಿದಳು. "ಅಮ್ಮಾ, ನನ್ನ ಬಸ್ಸಿಗೂ ಒಂದು ಚಾರ್ಟ್ ಹಾಕು," ಎಂದು ಅವನು ಓಡಿಹೋದ.

ಅವಳು ಹಜಾರದಲ್ಲಿದ್ದ ಆ ಹೊತ್ತಿನಲ್ಲೇ ಎಡವಟ್ಟಾದದ್ದು. ಸೊಸೆ ಲೆಕ್ಕ ಹಾಕಿದಳು. ಹತ್ತು ಗಂಟೆಗೆ ಶುರುವಾದರೆ ಭಾನುವಾರ ಐದು ನಲವತ್ತರ ತನಕ ಎಳೆಯುತ್ತದೆ. ಆಮೇಲೆ ಚಿತ್ರಗಳನ್ನು ಜೋಡಿಸಲು ಇಪ್ಪತ್ತು ನಿಮಿಷ, ಕಳಿಸಲು ಹನ್ನೆರಡು. ಸಾಲುವುದಿಲ್ಲ. ವೇಗವನ್ನು ಇನ್ನೊಂದು ಮೆಟ್ಟಿಲು ಏರಿಸಿದಳು, ಅದರ ಜೊತೆಗೇ ಮೆಮರಿಯ ವೇಗವನ್ನೂ ಏರಿಸಿದಳು. ಮೆಮರಿಯನ್ನು ಸರಿಯಾಗಿ ಪರೀಕ್ಷಿಸಲು ಗಂಟೆಗಟ್ಟಲೆ ಬೇಕು. ಅದನ್ನು ಬಿಟ್ಟೇಬಿಟ್ಟಳು.

"ಎಂಬತ್ನಾಲ್ಕು ಯಾಕೆ ತೋರಿಸ್ತಿದೆ?" ಎಂದು ಬಂದವಳೇ ಕೇಳಿದಳು ಸಿಸ್ಟರಮ್ಮ.

"ಬಿಸಿಲು ಏರಿದೆಯಲ್ಲ ಅತ್ತೆ, ರೂಮೇ ಬಿಸಿಯಾಗಿದೆ."

ಸಿಸ್ಟರಮ್ಮ ಕಿಟಕಿಯ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು, ಬರೆದುಕೊಂಡಳು.

ಚಿತ್ರಗಳು ಐದು ನಿಮಿಷಕ್ಕೊಂದರಂತೆ ಬರತೊಡಗಿದವು. ಸೊಸೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ಗಂಟೆಯ ಹೊತ್ತಿಗೆ ನಲವತ್ತೆಂಟು ಚಿತ್ರ ಮುಗಿದಿದ್ದವು. ಆಗ ಸಿಸ್ಟರಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಹೇಳಿದಳು:

"ನಿನ್ನ ಕೊಕ್ಕರೆಗೆ ಸಿಡುಬು ಎದ್ದಿದೆ ಕಣೇ."

ಬಿಳಿ ರೆಕ್ಕೆಯ ಮೇಲೆ ಹಸಿರು ಚುಕ್ಕೆ, ಸಾಸಿವೆಯಷ್ಟು. ಹಿಂದಿನ ಚಿತ್ರದಲ್ಲಿ ಇಲ್ಲ, ಮುಂದಿನದರಲ್ಲೂ ಇಲ್ಲ. ಹುಡುಕಿದರೆ ಇನ್ನೊಂದರಲ್ಲಿ ಕೊಕ್ಕಿನ ಮೇಲೆ, ಮತ್ತೊಂದರಲ್ಲಿ ನೀರಿನಲ್ಲಿ.

"ಜ್ವರ ಮಿತಿಯೊಳಗೇ ಇದೆ. ಯಂತ್ರ ಬಿದ್ದಿಲ್ಲ. ಮತ್ತೆ ಇದೆಲ್ಲಿಂದ ಬಂತು?" ಎಂದು ಸಿಸ್ಟರಮ್ಮ ಕೇಳಿದಳು. ದನಿ ಏರಿಸಲಿಲ್ಲ. ಅವಳ ಕೈಕೆಳಗೆ ಕೆಲಸ ಮಾಡಿದ ನರ್ಸುಗಳೆಲ್ಲ ಹೆದರುತ್ತಿದ್ದದ್ದು ಆ ದನಿಗೇ.

"ನಾನು ಎರಡು ಏರಿಸಿದೆ ಅತ್ತೆ. ನೀವು ಆಚೆ ಹೋದಾಗ. ವೇಗನೂ, ಮೆಮರಿನೂ. ಬಿಸಿಲು ಅಂದಿದ್ದು ಸುಳ್ಳು."

ಸಿಸ್ಟರಮ್ಮ ಚಾರ್ಟನ್ನು ಮೇಜಿನ ಮೇಲಿಟ್ಟಳು. ಬೈಗುಳ ಬರುತ್ತದೆಂದು ಸೊಸೆ ಕಾದಳು. ಬರಲಿಲ್ಲ.

"ಒಬ್ಬ ಹೊಸ ಡಾಕ್ಟರ್ ಇದ್ದ," ಎಂದಳು. "ಒಂದೇ ಹೊತ್ತಿಗೆ ಎರಡು ಔಷಧಿ ಶುರು ಮಾಡಿಸ್ದ. ಬೇಡ ಅನ್ನೋಕೆ ನಂಗೆ ಬಾಯಿ ಬರಲಿಲ್ಲ, ಆಗಿನ್ನೂ ಚಿಕ್ಕವಳು. ಆ ಹೆಂಗಸಿಗೆ ಮೈಯೆಲ್ಲಾ ದದ್ದು ಎದ್ದಿತು. ಯಾವುದರಿಂದ ಅಂತ ಯಾರಿಗೂ ಗೊತ್ತಾಗಲಿಲ್ಲ. ಎರಡನ್ನೂ ನಿಲ್ಲಿಸಿದ್ವಿ. ಅದರಲ್ಲಿ ಒಂದು ಅವಳಿಗೆ ಬೇಕೇ ಬೇಕಾಗಿತ್ತು."

ಸೊಸೆ ಕುರ್ಚಿಯನ್ನು ಕೀಬೋರ್ಡಿನ ಹತ್ತಿರಕ್ಕೆ ಎಳೆದುಕೊಂಡಳು.

"ಈಗ ಎರಡನ್ನೂ ಇಳಿಸು. ಮೆಮರಿ ತಂಟೆಗೆ ಹೋಗೋದು ಬೇಡ, ಅದನ್ನ ಪರೀಕ್ಷೆ ಮಾಡೋಷ್ಟು ಹೊತ್ತು ನಮಗಿಲ್ಲ. ಆ ಪೆಟ್ಟಿಗೆ ಬಿಚ್ಚು, ಒಳಗೆ ಹೇಗಿದೆ ನೋಡೋಣ."

ಬಿಚ್ಚಿದರೆ ಒಳಗೆ ನಾಲ್ಕು ವರ್ಷದ ಧೂಳು ಹತ್ತಿಯಂತೆ ಕೂತಿತ್ತು. ಪ್ರೊಸೆಸರಿನ ಮೇಲಿನ ಫ್ಯಾನಿಗೆ ಉಸಿರಾಡಲು ಜಾಗವಿರಲಿಲ್ಲ. ಸಿಸ್ಟರಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಸ ಪೇಂಟ್ ಬ್ರಷ್ಷಿನಿಂದ ಗುಡಿಸುತ್ತ, ಇಂಥ ರೋಗಿಯನ್ನು ಓಡಿಸಲು ಹೊರಟಿದ್ದೆಯಲ್ಲೇ ಎಂದು ಗೊಣಗಿದಳು. ಫ್ಯಾನಿನ ಕೆಳಗೆ ಒಣಗಿ ಚಕ್ಕೆಯಾಗಿದ್ದ, ಬಿಸಿಯನ್ನು ಮೇಲಕ್ಕೆ ದಾಟಿಸುವ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆದಳು. ಹೊಸ ಪೇಸ್ಟನ್ನು ಸೊಸೆ ಬಟಾಣಿಯಷ್ಟು ಇಟ್ಟಳು. ಪಕ್ಕದ ಹಲಗೆ ಮುಚ್ಚದೆ ಎದುರಿಗೆ ಮೇಜಿನ ಫ್ಯಾನು ತಿರುಗಿಸಿಟ್ಟರು.

ನಲವತ್ತಾರಕ್ಕೆ ಎಪ್ಪತ್ನಾಲ್ಕೇ ಡಿಗ್ರಿ. ಸೊಸೆ ಅತ್ತೆಯ ಕೈ ಹಿಡಿದುಕೊಂಡು ಕುಣಿದೇಬಿಟ್ಟಳು. ನಲವತ್ತೇಳು, ಕಾದರು. ನಲವತ್ತೆಂಟು, ಕಾದರು. ಬಿಸಿ ಎಂಬತ್ತಕ್ಕೆ ನಿಂತಿತು, ಒಂದು ಚಿತ್ರಕ್ಕೆ ಸರಿಯಾಗಿ ಐದು ನಿಮಿಷ. ಬಂದ ಚಿತ್ರವನ್ನು ಸಿಸ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದಳು. ಕೊಕ್ಕರೆ ಹಾಲಿನಲ್ಲಿ ತೊಳೆದಂತಿತ್ತು. ಹಳೆಯ ನಲವತ್ತೆಂಟರಲ್ಲಿ ಕೆಟ್ಟ ಆರನ್ನು ಆರಿಸಿ ತೆಗೆದು, ಮತ್ತೆ ಮಾಡಲು ಸಾಲಿಗೆ ಹಚ್ಚಿದರು. ಆಗ ಮಧ್ಯಾಹ್ನ ಮೂರು ಗಂಟೆ. ಲೆಕ್ಕ ಭಾನುವಾರ ನಾಲ್ಕು ಐವತ್ತಕ್ಕೆ ಬಂತು.

ಎರಡು ದಿನ ಪಾಳಿ ಹಂಚಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ವರದಿ ಒಪ್ಪಿಸಬೇಕು, ಅದೂ ನಿಂತುಕೊಂಡು. "ಇನ್ನೂರ ಹತ್ತು ಕೊಕ್ಕರೆ ಆಗಿವೆ, ಬಿಸಿ ಎಂಬತ್ತು, ರೋಗಿ ಆರಾಮ," ಎಂದು ಸೊಸೆ ಸೆಲ್ಯೂಟ್ ಹೊಡೆದರೆ ಸಿಸ್ಟರಮ್ಮ ನಗುತ್ತಲೇ ತಲೆಗೊಂದು ಮೊಟಕುವಳು. ತಿಂಡಿ ಆಯ್ತಾ ಎಂದು ಇಬ್ಬರೂ ಕೇಳಲಿಲ್ಲ. ಆಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಐದು ಹತ್ತಕ್ಕೆ ಚಿತ್ರ ಜೋಡಣೆಯಾಗಿ ಸಿದ್ಧವಾಯಿತು. ಒಂದು ಸಲ ಕಳಿಸಿದರೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ. ಆದ್ದರಿಂದ ಪೂರ್ತಿ ಓಡಿಸಿ ನೋಡಿದರು. ಕೊಕ್ಕರೆ ಕಾಲು ಮಡಿಸಿತು, ನೀರು ಒಡೆಯಿತು, ಇಡೀ ಕೆರೆ ಕೆಳಗೆ ಸರಿದುಹೋಯಿತು. ಸೊಸೆ ಅತ್ತೆಯ ಮುಖ ನೋಡಿದಳು. ಸಿಸ್ಟರಮ್ಮನ ಕಣ್ಣು ತುಂಬಿತ್ತು, ಆದರೆ ಹುಬ್ಬು ಗಂಟಿಕ್ಕಿತ್ತು.

"ಏನು ಅತ್ತೆ?"

"ಏನಿಲ್ಲ."

"ಹೇಳಿ."

"ರೆಕ್ಕೆ ಬಿಚ್ಚೋವಾಗ ಒಂದು ಮಿಣಕ್ ಅಂತು. ಹಸಿರು."

ಹುಡುಕಿದರು. ಇತ್ತು. ಮೊದಲ ನಲವತ್ತೆಂಟರಲ್ಲಿ ಕಣ್ತಪ್ಪಿಸಿಕೊಂಡು ಉಳಿದಿದ್ದ ಒಂದೇ ಒಂದು. ಗಡಿಯಾರದಲ್ಲಿ ಐದು ಹದಿನೆಂಟು. ಮತ್ತೆ ಮಾಡಲು ಐದು ನಿಮಿಷ, ಜೋಡಿಸಲು ಇಪ್ಪತ್ತು, ಕಳಿಸಲು ಹನ್ನೆರಡು.

"ಬಿಡೇ, ನಾನು ಕಂಡಿಲ್ಲ ಅಂದ್ಕೋ," ಎಂದಳು ಸಿಸ್ಟರಮ್ಮ. "ಕಣ್ಣು ರೆಪ್ಪೆ ಹೊಡೆಯೋಷ್ಟೂ ಹೊತ್ತಿಲ್ಲ ಅದು. ಹದಿನಾಲ್ಕು ತಿಂಗಳು ನೀರಿಗೆ ಹಾಕ್ಬೇಡ. ಕಳಿಸು."

"ಕಂಡಿದ್ದು ಕಂಡಿದೆ ಅತ್ತೆ," ಎಂದು ಸೊಸೆ ಆ ಚಿತ್ರವನ್ನು ಅಳಿಸಿ, ಮತ್ತೆ ಮಾಡುವ ಗುಂಡಿ ಒತ್ತಿಬಿಟ್ಟಳು.

ಸಿಸ್ಟರಮ್ಮನಿಗೆ ಕೂರಲಾಗಲಿಲ್ಲ. ಎದ್ದಳು, ಕೂತಳು, ಮತ್ತೆ ಎದ್ದಳು. "ಹಾಗಾದ್ರೆ ಇನ್ನೊಂದು ಮೆಟ್ಟಿಲು ಏರಿಸ್ಬಿಡೆ. ಎಂಬತ್ತೈದಾದ್ರೆ ಆಗ್ಲಿ. ಮೆಮರಿನೂ ಏರಿಸು. ಒಂದು ಅರ್ಧ ಗಂಟೆ ತಾನೆ."

ಸೊಸೆ ತಿರುಗಿ ನೋಡಿದಳು. ಈ ಮಾತು ಈ ಬಾಯಲ್ಲಿ ಬಂತೇ ಎಂಬಂತೆ.

"ಏರಿಸಿದ್ರೆ ಅರ್ಧ ನಿಮಿಷ ಉಳಿಯತ್ತೆ. ಬಿದ್ರೆ ಎಲ್ಲಾ ಹೋಗತ್ತೆ," ಎಂದಳು. "ಕೂತ್ಕೊಳ್ಳಿ ಅತ್ತೆ."

ಮೂವತ್ತಾರು ವರ್ಷ ಇತರರನ್ನು ಕೂರಿಸಿದವಳು ಕೂತಳು.

ಐದು ಇಪ್ಪತ್ತಮೂರಕ್ಕೆ ಕೊಕ್ಕರೆ ಬಂತು, ಅಚ್ಚ ಬಿಳುಪು. ಐದು ನಲವತ್ನಾಲ್ಕಕ್ಕೆ ಜೋಡಣೆ ಮುಗಿಯಿತು. ಕಳಿಸುವ ಪಟ್ಟಿ ಒಂದೊಂದೇ ಗೆರೆ ತುಂಬಿಕೊಳ್ಳುತ್ತ ನೂರಕ್ಕೆ ತೊಂಬತ್ತೆರಡರಲ್ಲಿ ನಿಂತುಬಿಟ್ಟಿತು. ತೊಂಬತ್ಮೂರು. ತೊಂಬತ್ತೇಳು. ಐದು ಐವತ್ತೇಳಕ್ಕೆ 'ತಲುಪಿದೆ' ಎಂಬ ಒಂದು ಸಾಲು ಮೂಡಿತು.

ಕೆಲಸವಿಲ್ಲದ ಯಂತ್ರದ ಬಿಸಿ ಇಳಿಯತೊಡಗಿತು, ಎಪ್ಪತ್ತು, ಅರವತ್ತೆರಡು, ಐವತ್ತು. ಸೊಸೆ ಕುರ್ಚಿಗೆ ಒರಗಿ ಅಳುತ್ತಲೋ ನಗುತ್ತಲೋ ಇದ್ದಳು, ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಸಿಸ್ಟರಮ್ಮ ಅವಳ ಮಣಿಕಟ್ಟು ಎತ್ತಿಕೊಂಡು ಎರಡು ಬೆರಳಿಟ್ಟು ಗಡಿಯಾರ ನೋಡಿದಳು. ಒಂದು ಪೂರ್ತಿ ಸುತ್ತು.

"ನೂರಾ ಹದಿನೆಂಟು," ಎಂದಳು.

"ಜಾಸ್ತಿನಾ ಅತ್ತೆ?"

"ಮಾತಾಡ್ಬೇಡ, ಸುಮ್ನೆ ಕೂತಿರು."

ಮುಳ್ಳು ಇನ್ನೊಂದು ಸುತ್ತು ಹೊರಟಿತು. ಸಿಸ್ಟರಮ್ಮ ಬೆರಳು ತೆಗೆಯಲಿಲ್ಲ.