ಹಂದಿ ತಡೆದ ಇಂಜೆಕ್ಷನ್

ನನ್ನ ಮುರಿದ ಕಾಲನ್ನು ನೋಡಲು ದೇವಾಪುರಕ್ಕೆ ಬಂದಷ್ಟು ಜನ ಯಾವ ಮಂತ್ರಿಯನ್ನು ನೋಡಲೂ ಬಂದಿಲ್ಲ. ಅವರು ತಂದ ಬಿಸ್ಕೀಟಿನ ಪುಡಿಕೆಗಳು ಸೂರಿಗೆ ಮುಟ್ಟಿದವು. ಬಿಸ್ಕೀಟು ತಂದವರನ್ನು ಕತೆ ಹೇಳದೆ ಕಳಿಸುವುದು ಮರ್ಯಾದೆಯೇ? ಗದ್ದೆಯಲ್ಲಿ ಕಾಡುಹಂದಿಯ ಜೊತೆ ಕುಸ್ತಿ ಹಿಡಿದೆ ಎಂದೆ. ಮೊದಲ ವಾರ ಕರುವಿನಷ್ಟಿದ್ದ ಹಂದಿ ಮೂರನೇ ವಾರಕ್ಕೆ ಕೋಣನಷ್ಟಾಗಿ, ನನ್ನನ್ನೆತ್ತಿ ಕಲ್ಲಿಗೆ ಒಗೆದು ತಲೆ ಒಡೆಯಿತು. ಕಾಲು ಮುರಿದ ದಿನ ಸುರಪುರದ ಸಂತೆಗೆ ಹೋಗಿದ್ದ ಹೆಂಡತಿ ಮಲ್ಲಾಬಾಯಿ ಎಲ್ಲವನ್ನೂ ನಂಬಿ, ಓಣಿಯಲ್ಲಿ ಎದೆಯುಬ್ಬಿಸಿ ತಿರುಗಿದಳು.

ನಾಲ್ಕನೇ ವಾರ ಒಂದು ಮುಂಜಾನೆ ಉಸಿರು ಕಟ್ಟಿತು. ತಮ್ಮ ದುರಗಪ್ಪ ನನ್ನನ್ನೂ ಮಲ್ಲಾಬಾಯಿಯನ್ನೂ ಜೀಪಿನಲ್ಲಿ ಹಾಕಿಕೊಂಡು ಶಹಾಪುರ ದಾಟಿ ಯಾದಗಿರಿಯ ಆಸ್ಪತ್ರೆಗೆ ಹಾರಿಸಿದ. ಗಾಳಿಯೇ ಹಿಂದೆ ಬಿತ್ತು.

ಪಂಚಶೀಲಾ ಡಾಕ್ಟರು ಸ್ಕ್ಯಾನ್ ನೋಡಿದರು. "ಮಲಗಿ ಮಲಗಿ ಕಾಲಾಗ ರಕ್ತ ಹೆಪ್ಪುಗಟ್ಟೇತಿ. ಅದು ಶ್ವಾಸಕೋಶಕ್ಕ ಹೋಗಿ ಸಿಕ್ಕೊಂಡೈತಿ. ಬಿಪಿ ಇಳ್ಯಾಕತ್ತೇತಿ, ಕರಗಸೋ ಇಂಜೆಕ್ಷನ್ ಈಗ್ಲೇ ಕೊಡಬೇಕು. ಈಚೀಚೆ ತಲಿಗೆ ಪೆಟ್ಟು ಬಿದ್ದಿತ್ತೇನು?"

"ಬಿದ್ದಿತ್ತೇನು ಅಂತೀರಲ್ರೀ!" ಎಂದಳು ಮಲ್ಲಾಬಾಯಿ. "ಹಂದಿ ಕಲ್ಲಿಗಿ ಒಗದು ಬುರುಡಿ ಒಡದೈತ್ರಿ! ಎರಡು ತಾಸು ಎಚ್ಚರಾನ ಇದ್ದಿಲ್ಲ!"

ಡಾಕ್ಟರು ಸಿರಿಂಜು ಕೆಳಗಿಟ್ಟರು. "ಹಂಗಾದ್ರ ಕೊಡಾಕ ಬರಂಗಿಲ್ಲ. ಕೊಟ್ರ ಮಿದುಳಿನಾಗ ರಕ್ತ ಸೋರತೈತಿ."

ಕೊಡದಿದ್ದರೆ ಉಳಿಯುವುದಿಲ್ಲವೆಂದು ನನ್ನ ಎದೆಯೇ ಹೇಳುತ್ತಿತ್ತು. ಹುಟ್ಟಿಯೇ ಇರದ ಹಂದಿಯ ಕೈಯಲ್ಲಿ ಸಾಯುವುದೇ? ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿದೆ. ಏಳು ಊರಿಗೆ ಕೇಳುವ ನನ್ನ ಗಂಟಲಿಂದ ಸೊಳ್ಳೆಯ ದನಿ ಬಂತು.

"ಹಂದಿ... ಇದ್ದಿಲ್ರಿ."

"ಏನಂದ್ರಿ?" ಮಲ್ಲಾಬಾಯಿ ಬಗ್ಗಿದಳು.

"ಬಚ್ಚಲದಾಗ... ಜಾರಿ ಬಿದ್ದೆ. ತಲಿಗೆ ಏನೂ ಆಗಿಲ್ಲ."

ಡಾಕ್ಟರು ದುರಗಪ್ಪನತ್ತ ತಿರುಗಿದರು.

"ಖರೇನ್ರಿ. ಎತ್ತಿದಾಂವ ನಾನ. ನಮ್ಮಣ್ಣ ಅಂಬ್ರಪ್ಪ ಎಚ್ಚರಿದ್ದ, ಟಾವೆಲ್ ಕೊಡೋ ಅಂತ ಒದರಾಕತ್ತಿದ್ದ. ಯಾರಿಗೂ ಹೇಳಬ್ಯಾಡಂತ ಆಣಿ ಹಾಕಿಸ್ಕೊಂಡಾನ್ರಿ."

"ಯವ್ವಾ, ನಾ ಇಡೀ ಊರಿಗೆ ಹೇಳೀನಲ್ರೀ!" ಮಲ್ಲಾಬಾಯಿ ಹಣೆ ಬಡಿದುಕೊಂಡಳು.

ಡಾಕ್ಟರು ನನ್ನ ತಲೆಯನ್ನೂ ಸ್ಕ್ಯಾನಿಗೆ ತೂರಿಸಿ, ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು ಆ ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ, ನಾರಾಯಣಪುರದ ಡ್ಯಾಮಿನ ಗೇಟು ತೆಗೆದಂತೆ ಗಾಳಿ ಎದೆಗೆ ನುಗ್ಗಿತು.

ಮರುದಿನ ಪಕ್ಕದ ಹಾಸಿಗೆಯ ಫಕೀರಸಾಬ ಕೇಳಿದ: "ಏನಾಗಿತ್ರಿ ನಿಮಗ?"

ಬೆಳಗಿನಿಂದ ಮಾತು ಬಿಟ್ಟಿದ್ದ ಮಲ್ಲಾಬಾಯಿ ನನಗಿಂತ ಮೊದಲೇ ಬಾಯಿ ತೆರೆದಳು. "ಬಚ್ಚಲದಾಗ ಜಾರಿ ಬಿದ್ದಾರ್ರಿ!"

ವಾರ್ಡಿಗೆ ವಾರ್ಡೇ ನಕ್ಕಿತು. ನಗಲಿ, ಉಸಿರಿಗೇನು ಈಗ ಬರಗಾಲವೇ?

"ಅಂಥಿಂಥಾ ಬಚ್ಚಲಲ್ರಿ ಅದು," ಎಂದು ಶುರುಮಾಡಿದೆ.