ಮಗಳ ತಲೆಯ ಮೇಲಿನ ಆಣೆ

ಆಣೆ ಹಾಕಬೇಡಿ ಎಂದು ನಮ್ಮ ಭಾನುವಾರದ ಕೂಟದಲ್ಲಿ ಮೊದಲೇ ಹೇಳಿದ್ದರು. ಕುಡಿತ ಬಿಡಲು ಹೆಣಗುವ ಹನ್ನೊಂದು ಜನ ತರೀಕೆರೆಯ ಒಂದು ಹಳೇ ಮಂಡಿಯ ಮಹಡಿಯಲ್ಲಿ ಸೇರುತ್ತೇವೆ. ಎಲ್ಲರಿಗಿಂತ ಹಿರಿಯರಾದ ಹನುಮಂತಯ್ಯನವರದು ಪ್ರತಿ ವಾರ ಅದೇ ಮಾತು: ಇವತ್ತೊಂದು ದಿನ ಕುಡಿಯಬೇಡಿ, ನಾಳೆಯದು ನಾಳೆಗೆ, ಜನ್ಮಪೂರ್ತಿಯ ಆಣೆ ಗೀಣೆ ಹೊತ್ತುಕೊಂಡು ಸಾಯಬೇಡಿ. ನಾನೂ ತಲೆ ಆಡಿಸಿದ್ದೆ. ಆದರೆ ಹನುಮಂತಯ್ಯನವರು ನನ್ನ ಹೆಂಡತಿಯ ಜೊತೆ ಬಾಳಿಲ್ಲವಲ್ಲ.

ವಿಶಾಲಾಕ್ಷಿಗೆ ಈ ಒಂದೊಂದು ದಿನದ ಮಾತು ಹಿಡಿಸಲಿಲ್ಲ. ಬಿಟ್ಟೆ ಅಂದರೆ ಬಿಟ್ಟ ಹಾಗಿರಬೇಕು, ಇದೇನು ಹಾಲಿನವನ ವರ್ತನೆಯ ಹಾಗೆ ದಿನ ದಿನಾ ಎಂದು ರೇಗಿದಳು. ಒಂದು ಸೋಮವಾರ ಲಿಂಗಪೂಜೆ ಮುಗಿಸಿ ನಾನು ಏಳುವುದರೊಳಗೆ, ವಿಭೂತಿ ಹಚ್ಚಿದ ನನ್ನ ಕೈಯನ್ನು ಹಿಡಿದು ಮಗಳ ತಲೆಯ ಮೇಲೆ ಇಟ್ಟಳು. ಇನ್ನು ಮುಟ್ಟಿದರೆ ಇವಳ ಮೇಲಾಣೆ ಎಂದು ಹೇಳಿಸಿದಳು. ಹೇಳಿದೆ. ಒಂಬತ್ತನೇ ಕ್ಲಾಸಿನ ಸ್ಫೂರ್ತಿ, ಬೈತಲೆಗೆಲ್ಲ ಬೂದಿ ಆಯಿತು ಎಂದು ಗೊಣಗಿಕೊಂಡು ಶಾಲೆಗೆ ಹೋದಳು.

ನನ್ನದು ಅಜ್ಜಂಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟರೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತೇನೆ. ಆಣೆ ಹಾಕಿ ನಾಲ್ಕು ತಿಂಗಳಾದ ಮೇಲೆ ಒಂದು ಮಂಗಳವಾರ ತಂತಿ ತರಲು ಕಡೂರಿಗೆ ಹೋದವನು, ಬಸ್ ಸ್ಟ್ಯಾಂಡಿಗೆ ವಾಪಸ್ಸು ಬರುವ ದಾರಿಯಲ್ಲಿ ಒಂದು ಕ್ವಾರ್ಟರ್ ಕುಡಿದೆ. ಯಾಕೆ ಅಂತ ಕೇಳಬೇಡಿ. ಕಾರಣ ಇದ್ದಿದ್ದರೆ ನಾನೇ ಡಂಗುರ ಹೊಡೆಯುತ್ತಿದ್ದೆ. ಯಾರ ಜೊತೆಗೂ ಜಗಳವಾಗಿರಲಿಲ್ಲ, ಬಿಸಿಲು ಕೂಡ ಹೆಚ್ಚಿರಲಿಲ್ಲ. ಸೋಂಪು ಅಗಿದುಕೊಂಡು ಮನೆಗೆ ಬಂದೆ, ಯಾರಿಗೂ ಗೊತ್ತಾಗಲಿಲ್ಲ.

ಶುಕ್ರವಾರ ಸ್ಫೂರ್ತಿಗೆ ಜ್ವರ ಬಂತು. ಭಾನುವಾರ ತರೀಕೆರೆಯ ಆಸ್ಪತ್ರೆಗೆ ಸೇರಿಸಿದೆವು. ಡೆಂಗಿ ಅಂದರು. ಪ್ಲೇಟ್‌ಲೆಟ್ ಮೂವತ್ತೊಂದು ಸಾವಿರ ಇದ್ದದ್ದು ಸೋಮವಾರ ಬೆಳಿಗ್ಗೆ ಇಪ್ಪತ್ತೆರಡಕ್ಕೆ ಇಳಿಯಿತು. ಇದು ಎಂದಿನಿಂದ ಶುರುವಾಯಿತು ಎಂದು ಡಾಕ್ಟರು ಕೇಳಿದಾಗ ನನ್ನ ಬಾಯಿಗೆ ಮಂಗಳವಾರ ಎಂದೇ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. ವಿಶಾಲಾಕ್ಷಿ ಶುಕ್ರವಾರ ಎಂದು ತಿದ್ದಿದಳು.

ನನಗೆ ಅಳು ಬರಲಿಲ್ಲ. ಭಯವೂ ಆಗಲಿಲ್ಲ. ಬಿಸಿ ಕಾಫಿಗೆ ನಾಲಿಗೆ ಸುಟ್ಟಿದ್ದು ಎಷ್ಟೋ ಹೊತ್ತಾದ ಮೇಲೆ ಗೊತ್ತಾಯಿತು. ನಾನು ಕುಡಿದೆ, ಅದಕ್ಕೆ ಇವಳು ಹೋಗುತ್ತಾಳೆ ಎಂಬುದೊಂದೇ ತಲೆಯಲ್ಲಿ ಇತ್ತು. ಅದೂ ಪೇಪರಿನಲ್ಲಿ ಓದಿದ ಯಾರದೋ ಊರಿನ ಸುದ್ದಿಯ ಹಾಗೆ ಇತ್ತು. ವಿಶಾಲಾಕ್ಷಿ ಎರಡು ದಿನದಿಂದ ನನ್ನ ಮುಖ ನೋಡಿರಲಿಲ್ಲ. ಇವಳಿಗೆ ಗೊತ್ತಾಗಿದೆ ಎಂದುಕೊಂಡೆ.

ಹನ್ನೊಂದು ಗಂಟೆಗೆ ಆಸ್ಪತ್ರೆಯ ಗೇಟಿನಾಚೆ ಬಂದು ನಿಂತೆ. ಎದುರಿನ ಬಾರು ತೆರೆದಿತ್ತು. ಇನ್ನೊಂದು ಸಲ ಕುಡಿದರೆ ಇದಕ್ಕಿಂತ ಹೆಚ್ಚೇನಾದೀತು ಅನ್ನಿಸಿತು. ಆಗ ಉಮರ್ ಫಾರೂಕ್‌ಗೆ ಫೋನ್ ಮಾಡಿದೆ. ಕೂಟದಲ್ಲಿ ಒಬ್ಬೊಬ್ಬರಿಗೂ ಒಬ್ಬ ಜೋಡಿ ಇರುತ್ತಾನೆ, ಕೈ ಸೋಲುವಾಗ ಅವನನ್ನು ಕರೆಯಬೇಕು. ನನ್ನ ಜೋಡಿ ಉಮರ್. ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರವೇ ಆಟೊ, ಟ್ರ್ಯಾಕ್ಟರುಗಳ ಸೀಟು ಹೊಲಿಯುತ್ತಾನೆ. ಕುಡಿತ ಬಿಟ್ಟು ಐದು ವರ್ಷ ದಾಟಿದೆ. ಹತ್ತೇ ನಿಮಿಷದಲ್ಲಿ ಬಂದ, ಹೊಲಿಗೆ ಸೂಜಿ ಇನ್ನೂ ಅಂಗಿಯ ಜೇಬಿಗೆ ಚುಚ್ಚಿಕೊಂಡೇ ಇತ್ತು.

ಕುಡಿದೆಯಾ ಎಂದು ಕೇಳಿದ. ಇವತ್ತಲ್ಲ, ಮಂಗಳವಾರ ಎಂದೆ. ಬೈಯಲಿಲ್ಲ. ಆಣೆಯ ಸಂಗತಿ ಹೇಳಿದೆ. ಉಮರ್ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತ. ಆಮೇಲೆ, ಒಳಗೆ ಹೋಗಿ ವಿಶಾಲಾಕ್ಷಿ ಅಕ್ಕನಿಗೆ ಹೇಳು, ಇಟ್ಟುಕೊಂಡಷ್ಟೂ ಅದು ನಿನ್ನನ್ನು ಎದುರಿನ ಬಾಗಿಲಿಗೇ ತಳ್ಳುತ್ತದೆ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನದಲ್ಲಿ ನನ್ನೊಳಗೆ ಏನಾದರೂ ಆಗಿದ್ದು ಅದೊಂದೇ.

"ನಿಂಗೇನೋ ಗೊತ್ತು? ಮಕ್ಕಳಿಲ್ದೋನು ನೀನು," ಅಂದೆ.

ಥೂ, ನನ್ನ ನಾಲಿಗೆಗೆ ಬೆಂಕಿ ಹಾಕ. ಉಮರ್ ಎದ್ದು ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದ.

ಸ್ಫೂರ್ತಿ ನಿದ್ದೆಯಲ್ಲಿದ್ದಳು. ವಾರ್ಡಿನ ಬಾಗಿಲ ಹೊರಗಿನ ಬೆಂಚಿನಲ್ಲಿ ವಿಶಾಲಾಕ್ಷಿ ಕೂತಿದ್ದಳು. ಮಂಗಳವಾರ ಕಡೂರಿನಲ್ಲಿ ಕುಡಿದೆ ಎಂದು ನಿಂತುಕೊಂಡೇ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ನನ್ನನ್ನು ನೋಡಲೇ ಇಲ್ಲ. ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿ ಇಟ್ಟುಕೊಂಡು ನೋಡುತ್ತಿದ್ದಳು.

"ನೀನು ಕುಡೀತೀಯ ಅಂತ ನಂಗೊತ್ತಿತ್ತು," ಅಂದಳು. "ಗೊತ್ತಿದ್ದೂ ನಿನ್ ಕೈ ಎಳ್ದು ಅವಳ ತಲೆ ಮೇಲಿಟ್ಟೆ. ಅವಳನ್ನ ಕೊಲ್ತಿರೋದು ನಾನು ಕಣೋ. ನೀನಲ್ಲ."

ಹಾಗಲ್ಲ ಎನ್ನಲು ನನಗೇ ನಂಬಿಕೆ ಇರಲಿಲ್ಲ. ಮದುವೆಯಾಗಿ ಹದಿನೇಳು ವರ್ಷ ಜಗಳವಾಡಿದ್ದೇವೆ, ಒಂದೇ ತಪ್ಪನ್ನು ಇಬ್ಬರೂ ನನ್ನದು ನನ್ನದು ಎಂದದ್ದು ಅವತ್ತೇ ಮೊದಲು.

ಉಮರ್ ಅವಳ ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ತನಗೂ ಒಬ್ಬಳು ಮಗಳಿದ್ದಳು, ಅರ್ಫಾ ಅಂತ ಎಂದ. ತನ್ನ ತಾಯಿ ಮಹಬೂಬ್ ಬಿ ಹೀಗೇ ತನ್ನ ಕೈ ಹಿಡಿದು ಅವಳ ತಲೆಯ ಮೇಲೆ ಇಡಿಸಿದ್ದಳಂತೆ. ಆಣೆಯಾದ ಏಳು ತಿಂಗಳಿಗೆ ಅರ್ಫಾ ಶಾಲೆಯಲ್ಲಿ ಕುಂಟೆಬಿಲ್ಲೆ ಆಡುತ್ತಾ ಬಿದ್ದವಳು ಮತ್ತೆ ಏಳಲಿಲ್ಲ, ಹೃದಯದಲ್ಲಿ ಹುಟ್ಟಿನಿಂದಲೇ ತೊಂದರೆ ಇತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಎರಡು ವರ್ಷದಿಂದ ಪ್ರತಿ ಭಾನುವಾರ ನಾನು ಇವನ ಪಕ್ಕದಲ್ಲಿ ಕೂತಿದ್ದೇನೆ. ಕೂಟದಲ್ಲಿ ಒಂದು ದಿನವೂ ಇದನ್ನು ಹೇಳಿರಲಿಲ್ಲ.

"ನಾನು ಕುಡ್ದಿರ್ಲಿಲ್ಲ ಅಕ್ಕಾ," ಅಂದ. "ಆಣೆ ಹಾಕಿದ್ ದಿನದಿಂದ ಒಂದ್ ತೊಟ್ಟು ಮುಟ್ಟಿರ್ಲಿಲ್ಲ. ಆದ್ರೂ ಹೋದ್ಲು. ಅಮ್ಮೀ ಇವತ್ತಿಗೂ ನಂಬಲ್ಲ. ಕದ್ದು ಕುಡ್ದಿರ್ತೀಯ, ಇಲ್ದಿದ್ರೆ ಮಗು ಯಾಕ್ ಸಾಯ್ತಿತ್ತು ಅಂತಾಳೆ. ನನ್ ಹೆಂಡ್ತಿ ನೂರೈನ್ ಬಾಯಿಬಿಟ್ಟು ಅನ್ನಲ್ಲ. ಆದ್ರೆ ಅವಳೂ ನಂಬಲ್ಲ."

ಒಳಗೆ ಸ್ಫೂರ್ತಿ ಕೆಮ್ಮಿದಳು. ನರ್ಸ್ ಬಂದು ರಕ್ತ ತೆಗೆದುಕೊಂಡು ಹೋದಳು, ಸಂಜೆ ನಾಲ್ಕಕ್ಕೆ ಕೌಂಟ್ ಗೊತ್ತಾಗುತ್ತದೆ ಎಂದಳು. ಏರಿದೆಯೋ ಇಳಿದಿದೆಯೋ ಯಾರಿಗೂ ಗೊತ್ತಿರಲಿಲ್ಲ. ವಿಶಾಲಾಕ್ಷಿ ಉಮರ್‌ನನ್ನೇ ನೋಡುತ್ತಿದ್ದಳು. ಮಡಿಲಲ್ಲಿದ್ದ ಕೈಗಳನ್ನು ಮೆಲ್ಲಗೆ ಮಡಚಿಕೊಂಡಳು.

"ನಾನು ನಂಬ್ತೀನಿ ಕಣಪ್ಪ," ಅಂದಳು. "ನೀನು ಕುಡ್ದಿರ್ಲಿಲ್ಲ."

ಉಮರ್ ತಲೆ ಬಗ್ಗಿಸಿಕೊಂಡ. ಅವನ ಹೆಗಲ ಮೇಲೆ ಕೈ ಇಟ್ಟೆ.

"ಇನ್ನೊಂದ್ ಸಲ ಹೇಳಿ ಅಕ್ಕಾ," ಅಂದ.

ಅವಳು ಹೇಳಿದಳು.